ರಕ್ತ ಹೇಳದ ತರಕಾರಿಯ ಹೆಸರು

ಪುಟ್ಟೂ, ಚಿನ್ನೂ,

ಹೋದ ಸಲ ರಜೆಗೆ ಬಂದಾಗ ನೀವಿಬ್ಬರೂ ಒಂದು ಮಾತು ಕೇಳಿದಿರಿ. ನಿಮ್ಮ ಅಮ್ಮ ಚಿಕ್ಕವಳಿದ್ದಾಗ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾಕೆ ಅಂತ. ನಾನು ಏನೋ ಹೇಳಿ ಎದ್ದು ಒಳಗೆ ಹೋದೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಮೊದಲಿಂದಲೂ ಬರುವುದಿಲ್ಲ, ನಿಮ್ಮ ಮುಂದೆಯೂ ನಾಲಿಗೆ ತಡವರಿಸುತ್ತದೆ. ಆದರೆ ಹಳ್ಳಿ ಶಾಲೆಯಲ್ಲಿ ಓದಿದ ನಾಲ್ಕಕ್ಷರ ಕೈಯಲ್ಲಿದೆ. ಅದಕ್ಕೆ ಬರೆಯುತ್ತಿದ್ದೇನೆ. ಆ ದಿನಗಳ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಬರೆಯುವಾಗ ಅದೂ ಜೊತೆಗೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತವರು ಯಳಂದೂರಿನ ಪಕ್ಕ. ಕೊಟ್ಟದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ, ಕಾಮಗೆರೆಗೆ ಹತ್ತಿರದ ಹಳ್ಳಿಗೆ. ಬಸ್ಸಿನಲ್ಲಿ ಕೂತರೆ ದೂರವೇನಿಲ್ಲ. ಆದರೆ ಯಳಂದೂರು ಮೊದಲಿಂದ ಮೈಸೂರಿನದು, ಕೊಳ್ಳೇಗಾಲ ಮದ್ರಾಸಿನವರ ಕೈಯಲ್ಲಿದ್ದು ಆಮೇಲೆ ನಮ್ಮ ಕಡೆಗೆ ಸೇರಿದ್ದು. ಸೇರಿ ಎಷ್ಟೋ ವರ್ಷವಾದ ಮೇಲೂ ನಮ್ಮತ್ತೆ ನನ್ನನ್ನು ಮೈಸೂರು ಸೀಮೆಯವಳು ಅಂತಲೇ ಕರೆಯುತ್ತಿದ್ದರು. ನನ್ನ ಸಾರು ತೆಳ್ಳಗಾದರೆ ಅದು ಮೈಸೂರು ಸೀಮೆ ಸಾರು. ನನಗೆ ನೆಗಡಿಯಾದರೆ ಅದು ಮೈಸೂರು ಸೀಮೆ ಮೂಗು.

ನಮ್ಮದು ಲಿಂಗ ಕಟ್ಟಿದ ಮನೆ. ಮಾಂಸ ಮೊಟ್ಟೆ ಒಳಗೆ ಬರುವಂತಿಲ್ಲ. ಹೊಲದಲ್ಲಿ ಬೆಳೆದ ತರಕಾರಿ, ಕಾಳು, ಸೊಪ್ಪು, ಅದೇ ನಮ್ಮ ಊಟ. ದೊಡ್ಡ ಕುಟುಂಬ, ಒಂದೇ ಒಲೆ. ಒಂದು ದೊಡ್ಡ ಪಾತ್ರೆಯಲ್ಲಿ ಸಾರು ಕಾಯುತ್ತಿತ್ತು. ಅದಕ್ಕೆ ಆ ದಿನ ಹೊಲದಿಂದ ಏನು ಬಂತೋ ಅದೆಲ್ಲ ಬೀಳುತ್ತಿತ್ತು: ಎರಡು ಬದನೆಕಾಯಿ, ಒಂದು ತುಂಡು ಕುಂಬಳಕಾಯಿ, ಒಂದು ಬೊಗಸೆ ಕಾಳು. ಯಾರ ತಟ್ಟೆಗೆ ಏನು ಬಿತ್ತು ಅಂತ ನೋಡುವವರು ಯಾರೂ ಇರಲಿಲ್ಲ.

ನಿಮ್ಮ ಅಮ್ಮನಿಗೆ ಆಗ ಆರು ವರ್ಷ. ಚಳಿಗಾಲ. ಮಧ್ಯಾಹ್ನ ಮುದ್ದೆ, ಅವರೆಕಾಳು ಬದನೆಕಾಯಿ ಸಾರು. ಉಂಡು ಎದ್ದವಳು ಸ್ವಲ್ಪ ಹೊತ್ತಿಗೆ ಮೈ ಕೆರೆದುಕೊಳ್ಳಲು ಶುರು ಮಾಡಿದಳು. ಬೆನ್ನ ಮೇಲೆಲ್ಲ ದದ್ದು, ತುಟಿ ಊದಿಕೊಂಡಿತ್ತು. ಅತ್ತೆ ನೋಡಿ, ಪಿತ್ತದ ಗಂದೆ ಅಂದರು. ಕಂಬಳಿಯಿಂದ ಮೈ ಉಜ್ಜಿ, ಅದನ್ನೇ ಹೊದಿಸಿ ಮಲಗಿಸಿದರು. ಸಂಜೆ ಹೊತ್ತಿಗೆ ಇಳಿಯಿತು. ಬದನೆಕಾಯಿ ನಂಜು, ಮಗುವಿಗೆ ಅದೇ ಆಗಿಬಂದಿಲ್ಲ ಅಂತ ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೇ ಅಂದುಕೊಂಡೆ. ನಮ್ಮ ಕಡೆ ಗಾಯವಾದವರಿಗೆ, ಬಾಣಂತಿಗೆ ಬದನೆಕಾಯಿ ಕೊಡುವುದಿಲ್ಲ. ಏನಾದರೂ ಕೆರೆತ ಬಂದರೆ ಮೊದಲು ಬೈಸಿಕೊಳ್ಳುವುದು ಅದೇ.

ಕೆಲವು ದಿನ ಬಿಟ್ಟು, ಬದನೆಕಾಯಿ ಹೋಳು ತೆಗೆದಿಟ್ಟು ಅದೇ ದೊಡ್ಡ ಪಾತ್ರೆಯ ಸಾರು ಬಡಿಸಿದಾಗ ಎರಡನೆಯ ಸಲ ಆಯಿತು, ಅದು ಹಾಗೆ ಇಳಿಯಲಿಲ್ಲ. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು, ಉಸಿರಾಡುವಾಗ ಸುಯ್ ಅಂತ ಸದ್ದು ಬರತೊಡಗಿತು. ಅತ್ತೆ ಕಂಬಳಿ ತರಲು ಹೋದರು. ನಾನು ಮಗುವನ್ನು ಎತ್ತಿಕೊಂಡು ಗಾಡಿಯ ಹತ್ತಿರ ನಡೆದೆ. ನಿಮ್ಮ ತಾತ ಎತ್ತು ಕಟ್ಟಿ ಕಾಮಗೆರೆ ಆಸ್ಪತ್ರೆಗೆ ಹೊಡೆದರು. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಉಸಿರು ಸರಿಯಾಯಿತು. ಅಲ್ಲಿಯ ಡಾಕ್ಟರು ನಿಮ್ಮ ತಾತನನ್ನು ಕರೆದು, ಇದು ಅಲರ್ಜಿ ಥರ ಕಾಣುತ್ತದೆ, ಮಗು ಏನು ತಿಂದು ಹೀಗಾಗುತ್ತಿದೆ ಅಂತ ಮೊದಲು ಕಂಡುಹಿಡಿಯಿರಿ, ಇನ್ನೊಂದು ಸಲ ಆದರೆ ಇಲ್ಲಿಗೆ ತರುವಷ್ಟು ಹೊತ್ತು ಸಿಗುತ್ತದೆ ಅಂತ ಹೇಳಲಾಗದು ಅಂದರು. ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು.

ಆ ಮಾತು ಕೇಳಿದ ಮೇಲೆ ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ರಕ್ತದಲ್ಲಿ ಎಲ್ಲ ಗೊತ್ತಾಗುತ್ತದೆ, ಒಂದು ಕಾಗದ ಕೊಡುತ್ತಾರೆ, ಅದರ ಮೇಲೆ ತರಕಾರಿಯ ಹೆಸರು ಇರುತ್ತದೆ ಅಂತ ನಂಬಿದ್ದೆ.

ಕೊಳ್ಳೇಗಾಲದ ಡಾಕ್ಟರನ್ನು ನೋಡಲು ನಿಮ್ಮ ತಾತ ಒಬ್ಬರೇ ಮೊದಲು ಹೋಗಿ ಬಂದರು. ಮಗುವನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಕರೆದುಕೊಂಡು ಬರಬೇಕಂತೆ ಅಂತ ಬಂದು ಹೇಳಿದರು. ಆದರೆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುತ್ತಿದ್ದವು. ಗೂಡು ಕಟ್ಟಿ, ಬಿಡಿಸಿ, ಕೊಳ್ಳೇಗಾಲಕ್ಕೆ ಸಾಗಿಸುವ ತನಕ ಯಾರಿಗೂ ಬಿಡುವಿರಲಿಲ್ಲ. ಮಾರುಕಟ್ಟೆಗೆ ಗೂಡು ಹಾಕಲು ಹೋಗುವ ದಿನವೇ ಮಗುವನ್ನೂ ಕರೆದೊಯ್ಯುವುದು ಅಂತಾಯಿತು.

ಅತ್ತೆ ಬರಿಹೊಟ್ಟೆಯ ಮಾತನ್ನು ಹಿಡಿದುಕೊಂಡರು. ಅವರ ಲೆಕ್ಕದಲ್ಲಿ ಪರೀಕ್ಷೆ ಅಂದರೆ ಹೆಣ್ಣು ನೋಡಲು ಬರುವವರ ಹಾಗೆ. ಬರುವ ಮುಂಚೆ ಮನೆ ಗುಡಿಸಿ ಸಾರಿಸಿ ಇಡಬೇಕು.

“ಒಂದೊತ್ತು ಉಪಾಸ ಇದ್ರೆ ರಕ್ತ ಏನಮ್ಮಿ ತಿಳಿಯಾದದು? ಕದಡಿದ್ ನೀರೇ ಒಂದಿನಕ್ಕೆ ತಿಳಿಯಾಗಕಿಲ್ಲ,” ಅಂದರು. “ಕಂಡೋರ್ ಮುಂದೆ ಕೊಳಕ್ ರಕ್ತ ಕೊಟ್ಟು ಬತ್ತೀರಾ? ಅವ್ರು ದುರ್ಬೀನ್ ಹಾಕ್ ನೋಡಿ ನಮ್ ಮನೇನ ಏನಂದ್ಕಂಡರು?”

ಆವತ್ತಿನಿಂದಲೇ ಪಥ್ಯ ಶುರುವಾಯಿತು. ಹರಳೆಣ್ಣೆ ಕುಡಿಸಿದರು. ಒಂದು ಸಲವಲ್ಲ, ಮತ್ತೆ ಮತ್ತೆ. ತರಕಾರಿ ಇಲ್ಲ, ಕಾಳಿಲ್ಲ, ಸೊಪ್ಪಿಲ್ಲ. ಗಂಜಿ, ಮೆಣಸಿನ ಸಾರು, ಸುಟ್ಟ ಉಪ್ಪು. ಮಗು ಬಾಗಿಲ ಹತ್ತಿರ ನಿಂತು ಉಳಿದ ಮಕ್ಕಳ ತಟ್ಟೆ ನೋಡುತ್ತಿತ್ತು. ಡಾಕ್ಟರು ಹೇಳಿದ್ದು ಒಂದು ಬೆಳಗ್ಗೆ ಮಾತ್ರ ಅಂತ ನಾನು ನಿಮ್ಮ ತಾತನಿಗೆ ಹೇಳಿದೆ. ಅವ್ವ ಹೇಳಿದ್ದರಲ್ಲಿ ಕೆಡುಕೇನಿದೆ, ಮೈ ಹಗುರಾಗುತ್ತದೆ ಬಿಡು ಅಂದರು. ಪಥ್ಯದಿಂದ ಪರೀಕ್ಷೆಯೇ ಕೆಡುತ್ತದೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನ್ನ ಸಂಕಟ ಮಗುವಿನ ಹಸಿವಿನದು ಅಷ್ಟೇ.

ಗೂಡಿನ ಮೂಟೆಗಳ ಜೊತೆ ಕೊಳ್ಳೇಗಾಲಕ್ಕೆ ಹೋದೆವು. ಡಾಕ್ಟರ ಶಾಪಿನ ಹಿಂದುಗಡೆ ಒಂದು ಚಿಕ್ಕ ಕೋಣೆ, ಕಿಟಕಿಯ ಪಕ್ಕ ಮೇಜು, ಅದರ ಮೇಲೆ ಹಿತ್ತಾಳೆಯ ಮೈಕ್ರೋಸ್ಕೋಪು. ಪರೀಕ್ಷೆ ಮಾಡುವವರು ಮಗುವಿನ ಬೆರಳಿಗೆ ಸ್ಪಿರಿಟ್ ಹಚ್ಚಿ ಸೂಜಿ ಚುಚ್ಚಿದರು. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತವನ್ನು ಬಾಯಿಂದ ಎಳೆದು, ಏನೋ ನೀರಿಗೆ ಬೆರೆಸಿ, ಗಾಜಿನ ಮೇಲೆ ಬಿಟ್ಟು ಕಣ್ಣಿಟ್ಟು ಎಣಿಸತೊಡಗಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಮಗಳ ರಕ್ತದಲ್ಲಿ ಅವರಿಗೆ ಬದನೆಕಾಯಿ ಕಾಣುತ್ತಿದೆಯೋ ಏನೋ ಅಂತ ಅವರ ಮುಖವನ್ನೇ ನೋಡುತ್ತಿದ್ದೆ. ಈಗ ನಗು ಬರುತ್ತದೆ. ಆಗ ನನಗೆ ಅದು ಹುಡುಗಾಟವಾಗಿರಲಿಲ್ಲ.

ಡಾಕ್ಟರು ಕಾಗದ ನೋಡಿ, ಇಸ್ನೋಫಿಲ್ ಅನ್ನುವ ಕಣಗಳು ಅಲರ್ಜಿ ಇದ್ದರೆ ರಕ್ತದಲ್ಲಿ ಜಾಸ್ತಿ ಆಗುತ್ತವೆ, ಇವಳಿಗೆ ಎಷ್ಟಿರಬೇಕೋ ಅಷ್ಟೇ ಇದೆ ಅಂದರು. ಆಮೇಲೆ ಕೇಳಿದರು:

“ಊಟ ಎಲ್ಲಾ ಮಾಮೂಲಿ ಮಾಡ್ತಾ ಇದಾಳಾ?”

“ಎಲ್ಲಾ ತಿಂತಳೆ ಸಾ. ನಮ್ ಮನೇಲಿ ಯಾವ್ದುಕ್ಕೂ ಕಮ್ಮಿ ಇಲ್ಲ,” ಅಂದರು ನಿಮ್ಮ ತಾತ.

ಅವರು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಹೊಲ ಗದ್ದೆ ಇರುವವನು ಪಟ್ಟಣದ ಡಾಕ್ಟರ ಮುಂದೆ ನಿಂತು ನನ್ನ ಮಗು ಗಂಜಿ ಕುಡಿದುಕೊಂಡಿದೆ ಅಂತ ಹೇಗೆ ಹೇಳಿಯಾನು? ನಾನು ಹಿಂದಿನಿಂದ, ಗೂಡು ಕಟ್ಟಿದಾಗಿನಿಂದ ಪಥ್ಯದಲ್ಲಿದ್ದಾಳೆ ಅಂತ ಹೇಳಲು ಬಾಯಿ ತೆರೆದೆ. ಅರ್ಧ ಮಾತು ಹೊರಗೂ ಬಂತು. ಡಾಕ್ಟರು ತಲೆ ಎತ್ತಿ ನಿಮ್ಮ ತಾತನನ್ನು ನೋಡಿದರು.

“ಅವಳ್ಗೆ ಗಾಬ್ರಿ ಸಾ,” ಅಂದರು ನಿಮ್ಮ ತಾತ.

ಡಾಕ್ಟರು ನಕ್ಕು, ಗಾಬರಿ ಬೇಡ ತಾಯಿ, ಮಗು ಬಡಕಲಾಗಿದೆ, ಎಲ್ಲಾ ಕೊಡಿ ಅಂದರು. ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬಂದದ್ದು ಅದರ ಮೇಲಿನ ಅಂಕಿಗಳು ಮಾತ್ರ.

ಅತ್ತೆಗೆ ಹಿಡಿಸಲಾರದ ಸಂತೋಷ. ನನ್ನ ಹರಳೆಣ್ಣೆ ಎಲ್ಲಾ ತೊಳೆದುಹಾಕಿತು, ಬಡಿಸಮ್ಮಿ ಕೂಸಿಗೆ ಅಂತ ತಾವೇ ನಿಂತು ಹಿಸುಕಿದ ಅವರೆಬೇಳೆ ಹಾಕಿ, ಬದನೆಕಾಯಿ ಹಾಕಿ, ತೆಂಗಿನಕಾಯಿ ಅರೆದು ಸಾರು ಮಾಡಿಸಿದರು. ಸೀಸನ್ನಿನ ಕೊನೆಯ ಅವರೆ. ಇವತ್ತು ಬೇಡ ಅತ್ತೆ, ಇನ್ನೊಂದು ನಾಲ್ಕು ದಿನ ನೋಡೋಣ ಅಂದೆ.

“ನಿನ್ಗೆ ಡಾಕ್ಟ್ರ ಕಾಗ್ದಕ್ಕಿಂತ ಜಾಸ್ತಿ ಗೊತ್ತಾ? ಏಳ್ನೇ ಕ್ಲಾಸ್ ಓದವ್ಳೆ ಅಂತ ಇವ್ಳೂ ಒಬ್ಳು ಡಾಕ್ಟ್ರಮ್ಮ,” ಅಂದರು. ಊಟಕ್ಕೆ ಕೂತವರೆಲ್ಲ ನಕ್ಕರು.

ಮಗು ತಟ್ಟೆ ಖಾಲಿ ಮಾಡುವ ಮುಂಚೆಯೇ ಗಂಟಲು ಹಿಡಿದುಕೊಂಡಿತು. ಮತ್ತೆ ಗಾಡಿ, ಮತ್ತೆ ಕಾಮಗೆರೆ. ದಾರಿಯಲ್ಲಿ ಅವಳ ತುಟಿ ನೀಲಿಯಾಗಿತ್ತು. ಇಂಜೆಕ್ಷನ್ ಆದ ಮೇಲೆ ಬಹಳ ಹೊತ್ತು ಅವಳನ್ನು ಮಲಗಿಸಿಕೊಂಡರು. ನಿಮ್ಮ ತಾತ ಆಸ್ಪತ್ರೆಯ ಹೊರಗೆ ಎತ್ತಿನ ಪಕ್ಕ ನಿಂತಿದ್ದರು, ಒಳಗೆ ಬರಲಿಲ್ಲ. ಆ ಮೂರನೆಯ ಸಲ ಆಗಬೇಕಾದದ್ದೇ ಇರಲಿಲ್ಲ. ಮೊದಲಿಗೇ ಹೇಳಿದೆನಲ್ಲ, ಆರದ ಸಿಟ್ಟು ಅಂತ, ಅದು ಇದೇ.

ಎರಡನೆಯ ಸಲ ಕೊಳ್ಳೇಗಾಲಕ್ಕೆ ಹೋದಾಗ ಡಾಕ್ಟರು ಮೊದಲೇ ನನ್ನ ಕಡೆ ತಿರುಗಿ, ಅವತ್ತು ನೀವೇನೋ ಹೇಳೋಕೆ ಬಂದ್ರಲ್ಲ, ಹೇಳಿ ಅಂದರು. ನಾನು ನೆಲ ನೋಡಿಕೊಂಡೇ ಪಥ್ಯ, ಹರಳೆಣ್ಣೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಏನ್ರೀ ಗೌಡ್ರೇ, ಕಳ್ಳನ್ನ ಮನೆಯಿಂದ ಆಚೆ ಕಳಿಸಿ ಆಮೇಲೆ ಪೋಲೀಸ್ನೋರ್ನ ಕರೆದ್ರೆ ಅವ್ರಿಗೆ ಯಾರು ಸಿಗ್ತಾರೆ?” ಅಂದರು. ನಿಮ್ಮ ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮತ್ತೆ ಬೆರಳು, ಮತ್ತೆ ಸೂಜಿ. ಈ ಸಲ ಮಗು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ನಾನೇ ಬಲವಂತವಾಗಿ ಎಳೆದು ಹಿಡಿದೆ. ಈಗ ಇಸ್ನೋಫಿಲ್ ಬಹಳ ಜಾಸ್ತಿ ಇತ್ತು. ಜಾಸ್ತಿ ಅಂತ ಕೇಳಿ ನನಗೆ ಖುಷಿಯಾಯಿತು. ಅಂತೂ ಸಿಕ್ಕಿತಲ್ಲ ಅನ್ನಿಸಿತು. ಧೈರ್ಯ ಮಾಡಿ ಕೇಳಿದೆ, ಯಾವ ತರಕಾರಿ ಅಂತ ಬಂದಿದೆ ಸಾ?

ಡಾಕ್ಟರು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟರು.

“ಅದು ಇದ್ರಲ್ಲಿ ಬರಲ್ಲಮ್ಮ. ಮೈಗೆ ಏನೋ ಒಗ್ತಾ ಇಲ್ಲ ಅಂತ ಮಾತ್ರ ರಕ್ತ ಹೇಳ್ತದೆ. ಏನು ಅಂತ ಹೇಳಲ್ಲ. ಹೊಟ್ಟೇಲಿ ಜಂತುಹುಳ ಇದ್ರೂ ಇಷ್ಟೇ ಹೇಳ್ತದೆ.”

ಮೈಸೂರಿಗೆ ಹೋದರೆ? ಬೆಂಗಳೂರಿಗೆ? ಅಂತ ಕೇಳಿದೆ. ರಕ್ತ ನೋಡಿ ಕಾಯಿಯ ಹೆಸರು ಹೇಳುವ ಪರೀಕ್ಷೆ ತಮಗೆ ತಿಳಿದ ಮಟ್ಟಿಗೆ ಅಲ್ಲೂ ಇಲ್ಲ ಅಂದರು. ಜಂತುಹುಳಕ್ಕೆ ಔಷಧಿ ಬರೆದುಕೊಟ್ಟು, ಎಲ್ಲ ತರಕಾರಿಯನ್ನೂ ನಿಲ್ಲಿಸಿ, ಆಮೇಲೆ ಒಂದೊಂದನ್ನೇ ಚೂರು ಚೂರು ಕೊಟ್ಟು ನೋಡಿ, ಅವಳ ಪಾತ್ರೆ ಸೌಟು ಎಲ್ಲ ಬೇರೆ ಇರಲಿ, ಅನುಮಾನದ್ದು ಕೊನೆಗಿರಲಿ ಅಂದರು. ನಾನು ತಲೆಯಾಡಿಸಿದೆ. ಒಳಗೆ ಮಾತ್ರ ಅಳು ಬರುವಂತಾಗಿತ್ತು. ಇಷ್ಟು ಸೂಜಿ, ಇಷ್ಟು ಹಸಿವು, ಇಷ್ಟು ಓಡಾಟ, ಕೊನೆಗೆ ಮತ್ತೆ ನನ್ನ ಅಡುಗೆಮನೆಗೇ ಬಂದು ನಿಂತಿತು. ಅಡುಗೆಮನೆ ನನ್ನದೂ ಆಗಿರಲಿಲ್ಲ.

ದೊಡ್ಡ ಒಲೆಯ ಪಕ್ಕದ ಕೋಡೊಲೆಯ ಮೇಲೆ ಒಂದು ಚಿಕ್ಕ ಪಾತ್ರೆ ಇಟ್ಟು ಮಗುವಿಗೆ ಬೇರೆ ಬೇಯಿಸತೊಡಗಿದೆ. ನಾನು ಆಚೆ ಹೋದಾಗ ಅತ್ತೆ ಅದಕ್ಕೆ ದೊಡ್ಡ ಪಾತ್ರೆಯಿಂದ ಒಂದು ಸೌಟು ರಸ ಹುಯ್ಯುತ್ತಿದ್ದರು, ಮಗುವಿಗೆ ಬಾಯಿ ರುಚಿ ಬೇಡವೇ ಅಂತ. ಅವರದು ಪ್ರೀತಿಯೇ. ಆದರೆ ಆ ಪ್ರೀತಿಯಿಂದ ನನಗೆ ಒಂದು ವಾರದ ಲೆಕ್ಕ ಕೆಡುತ್ತಿತ್ತು. ಮೈಯಲ್ಲಿ ಎಲ್ಲೋ ಒಂದು ದದ್ದು ಎದ್ದರೆ ಅದು ಸೋರೆಕಾಯಿಯದೋ ಅತ್ತೆಯ ಸೌಟಿನದೋ ತಿಳಿಯುತ್ತಿರಲಿಲ್ಲ. ಕೊನೆಗೆ ಒಂದು ದಿನ ಹಿತ್ತಲಿನಲ್ಲಿ, ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ ಅಲ್ಲೇ ಒಲೆ ಹಚ್ಚಿದೆ.

ನಿಮಗೆ ಇದರಲ್ಲಿ ಏನಿದೆ ಅನ್ನಿಸಬಹುದು. ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಕಡೆ ಹೊಗೆ ಎದ್ದರೆ ಅಣ್ಣತಮ್ಮಂದಿರು ಬೇರೆಯಾದರು ಅಂತಲೇ ಅರ್ಥ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಆ ವಾರ ಕಳೆಯುವ ಮುಂಚೆ ಸುದ್ದಿ ಹನೂರಿಗೆ ಮುಟ್ಟಿ ಅತ್ತೆಯ ತಮ್ಮ ಬಸ್ಸಿಳಿದು ಬಂದರು. ಮೈಸೂರು ಸೀಮೆಯವಳು ಮನೆ ಒಡೆದಳು ಅಂತ ಅತ್ತೆ ಅವರ ಮುಂದೆ ಕೂತು ಅತ್ತರು. ನಾನು ಹಿತ್ತಲಲ್ಲಿ ನಿಂತು ಕೇಳುತ್ತಿದ್ದೆ.

“ಏನ್ಲಾ, ಪಾಲಾಯ್ತಿದೀರಂತೆ? ನನ್ಗೊಂದ್ ಮಾತ್ ಏಳ್ಬಾರ್ದಾಗಿತ್ತಾ?” ಅಂತ ಅವರು ನಿಮ್ಮ ತಾತನನ್ನು ಕೇಳಿದರು.

“ಪಾಲೂ ಇಲ್ಲ, ಎಂತದೂ ಇಲ್ಲ ಕಣ್ ಮಾವ. ಪರೀಕ್ಸೆ. ಕೊಳ್ಳೇಗಾಲ್ದಲ್ಲಿ ಆಗ್ನಿಲ್ಲ, ಇತ್ಲಲ್ಲಿ ಮಾಡ್ತಾವ್ಳೆ,” ಅಂದರು ನಿಮ್ಮ ತಾತ. ಸ್ವಲ್ಪ ಬಿಟ್ಟು ಮತ್ತೆ ಹೇಳಿದರು, “ಆ ಒಲೆ ತಂಟೆಗೆ ಯಾರೂ ಓಗ್ಬ್ಯಾಡಿ.”

ಅಷ್ಟೇ ಅವರು ಹೇಳಿದ್ದು. ನನಗೆ ಅಷ್ಟು ಸಾಕಾಯಿತು. ಆದರೆ ಅದನ್ನು ಆ ಚಳಿಗಾಲದಲ್ಲೇ ಹೇಳಿದ್ದರೆ ಅಂತ ಅನ್ನಿಸದೆ ಇರಲಿಲ್ಲ.

ಮಳೆಗಾಲವೆಲ್ಲ ಆ ಒಲೆಯ ಮುಂದೆ ಕಳೆಯಿತು. ಮಳೆ ಬಂದರೆ ಗೋಣಿತಾಟು ಕವುಚಿಕೊಂಡು ಊದುತ್ತಿದ್ದೆ. ಸೋರೆ, ಹೀರೆ, ಪಡವಲ, ಬೆಂಡೆ, ಮೂಲಂಗಿ, ಕುಂಬಳ. ಒಂದೊಂದೂ ಪಾಸಾಯಿತು. ಕೊನೆಗೆ ಬದನೆಕಾಯಿ. ನಿಮ್ಮ ತಾತ ಎತ್ತು ಕಟ್ಟಿಕೊಂಡು ಬೀದಿಯಲ್ಲಿ ತಯಾರಾಗಿ ನಿಂತರು. ನಾನು ಉಗುರಿನಷ್ಟು ಚೂರು ಕೊಟ್ಟೆ. ಏನೂ ಆಗಲಿಲ್ಲ. ಮರುದಿನ ಇನ್ನಷ್ಟು, ಆಮೇಲೆ ಇಡೀ ಬದನೆಕಾಯಿ. ಮಗು ಚಪ್ಪರಿಸಿ ತಿಂದು ಇನ್ನೊಂದು ಕೇಳಿತು. ಎತ್ತು ಬಿಚ್ಚುತ್ತಾ ನಿಮ್ಮ ತಾತ ನನ್ನ ಮುಖ ನೋಡಿದರು. ನಾನು ಪಾತ್ರೆ ತೊಳೆಯಲು ಕೂತೆ. ತರಕಾರಿಯೆಲ್ಲ ಮುಗಿದಿತ್ತು. ಮಗುವಿಗೆ ಗುಣವಾಗಿದೆ, ಆ ಕಲ್ಲುಗಳನ್ನು ಕಿತ್ತು ಹಾಕು ಅಂತ ಅತ್ತೆ ಶುರು ಮಾಡಿದರು. ನಾನೂ ಕೀಳುವವಳೇ ಇದ್ದೆ.

ಅವರೆಕಾಯಿಯನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಗ ಅದರ ಕಾಲವೂ ಆಗಿರಲಿಲ್ಲ. ಅದೂ ಅಲ್ಲದೆ ನಮಗೆ ಅವರೆ ಅಂದರೆ ತರಕಾರಿ ಅಂತಲೇ ಅನ್ನಿಸುತ್ತಿರಲಿಲ್ಲ, ರಾಗಿಯ ಹಾಗೆ ಅದು. ಯಾರಾದರೂ ರಾಗಿಯನ್ನು ಅನುಮಾನಿಸುತ್ತಾರೆಯೇ? ಚಳಿ ಬಿದ್ದ ಮೇಲೆ ಹೊಲದಿಂದ ಮೊದಲ ಅವರೆ ಬಂತು. ಹಜಾರದಲ್ಲಿ ರಾಶಿ ಹಾಕಿಕೊಂಡು ಎಲ್ಲರೂ ಬಿಡಿಸಲು ಕೂತೆವು. ಮಗುವೂ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈ ಮೇಲೆ ದದ್ದು ಎದ್ದಿತು, ಕಣ್ಣುಜ್ಜಿಕೊಂಡಳು, ರೆಪ್ಪೆ ಊದಿತು. ಇನ್ನೂ ಒಂದು ಕಾಳೂ ಬಾಯಿಗೆ ಹಾಕಿರಲಿಲ್ಲ. ನಾನು ಅವಳನ್ನು ಎತ್ತಿಕೊಂಡು ಹೋಗಿ ಕೈ ಮುಖ ತೊಳೆದೆ. ಕಂಬಳಿಹುಳ ತಾಗಿರಬೇಕು ಅಂದರು ಅತ್ತೆ. ಅವರೆ ನಂಜಲ್ಲ, ಬಾಣಂತಿಗೂ ಕೊಡುತ್ತೇವೆ ಅಂದರು.

ಈ ಮಾತು ಹೀಗೇ ಬಿಟ್ಟರೆ ಇನ್ನೊಂದು ಸೌಟು ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಅವರೆಯ ಕಾಲ ಮುಗಿಯುವ ತನಕ ನಾನು ಎಷ್ಟು ಸಾರಿನ ಪಾತ್ರೆಗಳನ್ನು ಕಾಯಲಿ? ಮಾರನೆಯ ಬೆಳಗ್ಗೆ ಒಂದು ಹಿಡಿ ಅವರೆಕಾಳು ಬೇಯಿಸಿ ಬಟ್ಟೆಯಲ್ಲಿ ಕಟ್ಟಿಕೊಂಡು, ಕಾಮಗೆರೆಗೆ ಗಾಡಿ ಕಟ್ಟಿ ಅಂದೆ. ನಿಮ್ಮ ತಾತ ಹೋಗಿ ಎತ್ತು ಹಿಡಿದು ತಂದರು. ಆಸ್ಪತ್ರೆಯ ಜಗಲಿಯಲ್ಲಿ ಗಂಟು ಬಿಚ್ಚಿ ನರ್ಸಮ್ಮನಿಗೆ ವಿಷಯ ಹೇಳಿದೆ. ಆಕೆ ಹೌಹಾರಿದರು.

“ನಿನಗೇನು ತಲೆ ಕೆಟ್ಟಿದೆಯಾ? ಇಲ್ಲಿ ಕೂತು ಮಗೂಗೆ ಇದನ್ನ ತಿನ್ನಿಸ್ತೀಯಾ?”

“ಇಲ್ಲಿ ಆದ್ರೆ ಸೂಜಿ ಅದೆ ಕಣವ್ವ. ಮನೇಲಿ ಇಲ್ಲ,” ಅಂದೆ.

ಅಷ್ಟು ಗಟ್ಟಿಯಾಗಿ ನಾನು ಹೊರಗಿನವರ ಹತ್ತಿರ ಮಾತಾಡಿದ್ದು ಅದೇ ಮೊದಲು. ಡಾಕ್ಟರು ಹೊರಗೆ ಬಂದು ಎಲ್ಲ ಕೇಳಿದರು. ಒಳಗೆ ಕರೆದು, ಇಂಜೆಕ್ಷನ್ ತುಂಬಿ ಪಕ್ಕದಲ್ಲಿಟ್ಟುಕೊಂಡು, ಮೊದಲು ತುಟಿಗೆ ಮುಟ್ಟಿಸಿ, ಕಾದು, ಆಮೇಲೆ ಅರ್ಧ ಕಾಳು ಕೊಡಲು ಹೇಳಿದರು. ಕೊಟ್ಟೆ. ಗೋಡೆಯ ಗಡಿಯಾರದ ಕೆಳಗೆ ನಾವೆಲ್ಲ ಮಗುವಿನ ಮುಖವನ್ನೇ ನೋಡುತ್ತಾ ನಿಂತೆವು. ಕೆಳತುಟಿ ದಪ್ಪಗಾಯಿತು, ಕತ್ತಿನ ಮೇಲೆ ದದ್ದು ಎದ್ದಿತು. ಡಾಕ್ಟರು ಸಾಕು ಅಂದು ಸೂಜಿ ಕೊಟ್ಟರು.

ರಕ್ತದಲ್ಲಿ ಸಿಗದ ಹೆಸರು ಹಾಗೆ ಸಿಕ್ಕಿತು. ಮಗು ಅಳುತ್ತಿತ್ತು. ನನಗೆ ಸಂತೋಷವೇನೂ ಆಗಲಿಲ್ಲ. ಸುಸ್ತಾಗಿತ್ತು.

ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. ಅವರೆಯೂ ಮೈಗಾಗದು ಅಂದರೆ ಕಾಲ ಕೆಟ್ಟಿತು ಅನ್ನುತ್ತಿದ್ದರು. ಆದರೆ ಆ ವರ್ಷದಿಂದ ಅವರೆ ಬಿಡಿಸುವುದನ್ನು ಹಜಾರದಿಂದ ಕೊಟ್ಟಿಗೆಯ ಕಡೆಗೆ ಹಾಕಿಸಿದರು. ಹಿತ್ತಲಿನ ಮೂರು ಕಲ್ಲು ಹಾಗೇ ಉಳಿದವು. ನಿಮ್ಮ ಅಮ್ಮನ ಮದುವೆಯಾಗುವ ತನಕ ಪ್ರತಿ ಚಳಿಗಾಲ ಅವಳ ಊಟ ಅಲ್ಲೇ ಬೇಯುತ್ತಿತ್ತು. ಊರವರ ಬಾಯಲ್ಲಿ ನಮ್ಮದು ಎರಡೊಲೆ ಮನೆಯಾಗಿಯೇ ಉಳಿಯಿತು.

ಈಗ ನಿಮ್ಮ ಅಮ್ಮನನ್ನು ಯಾರಾದರೂ ಕೇಳಿದರೆ, ಚಿಕ್ಕಂದಿನಲ್ಲಿ ಏನೋ ಕೆರೆತ ಆಗ್ತಿತ್ತಂತೆ ಅಂತ ನಕ್ಕುಬಿಡುತ್ತಾಳೆ. ಅವಳಿಗೆ ನೆನಪಿರುವುದು ಸೂಜಿ ಮತ್ತು ಗಂಜಿ ಮಾತ್ರ. ಇಂಥದ್ದು ಒಬ್ಬರಿಂದ ಇನ್ನೊಬ್ಬರಿಗೆ ಬರಬಹುದು ಅಂತ ಕಾಮಗೆರೆಯ ಡಾಕ್ಟರು ಅವತ್ತೇ ಹೇಳಿದ್ದರು. ನಾಳೆ ನಿಮಗೋ ನಿಮ್ಮ ಮಕ್ಕಳಿಗೋ ತುಟಿ ಊದಿಕೊಂಡರೆ, ಮನೆಯಲ್ಲಿ ಮುಂಚೆ ಯಾರಿಗಾದರೂ ಹೀಗಿತ್ತೇ ಅಂತ ಕೇಳುತ್ತಾರೆ. ಆಗ ಹೇಳಲು ನಾನು ಇರುವುದಿಲ್ಲ. ಇದ್ದರೂ ನಾಲಿಗೆ ಏಳುವುದಿಲ್ಲ. ಈ ಹಾಳೆಗಳನ್ನು ಪೆಟ್ಟಿಗೆಯ ತಳದಲ್ಲಿ ಸೀರೆಗಳ ಜೊತೆ ಹಾಕಬೇಡಿ. ನಿಮ್ಮ ಆಸ್ಪತ್ರೆಯ ಚೀಟಿಗಳನ್ನು ಎಲ್ಲಿಡುತ್ತೀರೋ ಅಲ್ಲೇ, ನೀರು ಬೀಳದ ಜಾಗದಲ್ಲಿ, ಕೈಗೆ ತಕ್ಷಣ ಸಿಗುವ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.